ರೇಡಿಯೋ ಹಿಡಿದು ಬೆಟ್ಟ ಹತ್ತಿದ ಗನ್ನರ್

ಹೋದ ಆಗಸ್ಟಿನಲ್ಲಿ ಲೇಹ್‌ಗೆ ಹೋಗುವಾಗ ದ್ರಾಸ್‌ನಲ್ಲಿ ಇಳಿದಿದ್ದೆವು. ಕಾರ್ಗಿಲ್ ಯುದ್ಧ ಸ್ಮಾರಕಕ್ಕೆ ಅಂತ ನಮ್ಮ ಟೂರ್‌ನವರು ಕೊಟ್ಟಿದ್ದು ಬರೀ ಮುಕ್ಕಾಲು ಗಂಟೆ. ಅದರಲ್ಲಿ ಕಾಲು ಗಂಟೆ ಗೇಟಿನ ಹತ್ತಿರವೇ ಹೋಯಿತು. ಒಳಗೆ ಕಾಲಿಟ್ಟರೆ ಎದುರಿಗೇ ತೊಲೊಲಿಂಗ್. ಫೋಟೋದಲ್ಲಿ ಎಲ್ಲೋ ಹಿಂದೆ ಇರುವ ಬೆಟ್ಟದ ಹಾಗೆ ಕಾಣುತ್ತಿತ್ತು, ಅಲ್ಲಿ ನಿಂತಾಗಲೇ ಗೊತ್ತಾಗಿದ್ದು ಅದು ಹಿಂದೆ ಇಲ್ಲ, ತಲೆ ಮೇಲೇ ಇದೆ ಅಂತ. ಅಲ್ಲಿ ದುರ್ಬೀನು ಹಿಡಿದು ಕೂತವನಿಗೆ ಕೆಳಗಿನ ಹೆದ್ದಾರಿಯಲ್ಲಿ ಹೋಗುವ ಒಂದೊಂದು ಲಾರಿಯನ್ನೂ ಎಣಿಸಬಹುದು.

ಒಬ್ಬ ಜವಾನ ಪ್ರವಾಸಿಗಳನ್ನೆಲ್ಲ ಗುಂಪು ಸೇರಿಸಿ ಹಿಂದಿಯಲ್ಲಿ ಯುದ್ಧದ ಕಥೆ ಹೇಳುತ್ತಿದ್ದ. ಚೆನ್ನಾಗಿಯೇ ಹೇಳುತ್ತಿದ್ದ. ಕೈ ಎತ್ತಿ ಒಂದೊಂದೇ ಶಿಖರ ತೋರಿಸುತ್ತಾ ಹೋದ. ತೊಲೊಲಿಂಗ್, ಟೈಗರ್ ಹಿಲ್, ಆಮೇಲೆ ಮುಷ್ಕೋ ಕಣಿವೆ ಕಡೆಗೆ ಕೈ ಚಾಚಿ ಪಾಯಿಂಟ್ 4875. ವಿಕ್ರಮ್ ಬಾತ್ರಾ ಹೆಸರು ಬಂದ ತಕ್ಷಣ ಚಪ್ಪಾಳೆ, ಘೋಷಣೆ. ನಾನೂ ಕೂಗಿದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆದರೆ ನಾನು ಅಲ್ಲಿಗೆ ಹೋಗಿದ್ದು ಇನ್ನೊಂದು ಹೆಸರು ಹುಡುಕಿಕೊಂಡು.

ಆ ಹೆಸರು ಕ್ಯಾಪ್ಟನ್ ಆರ್. ಜೆರ್ರಿ ಪ್ರೇಮ್‌ರಾಜ್. ತಿರುವನಂತಪುರದ ಹತ್ತಿರದ ವೆಂಗಾನೂರಿನವರು. ಬಾತ್ರಾ ತೀರಿಕೊಂಡ ಅದೇ 1999ರ ಜುಲೈ 7ರ ಹೊತ್ತಿಗೆ, ಅದೇ ಪಾಯಿಂಟ್ 4875ರ ಸಾಲಿನಲ್ಲಿ, ಪಕ್ಕದ ಗುಡ್ಡದ ಮೇಲೆ ಸತ್ತವರು. ಅವರ ಕೆಲಸ ಬೇರೆ ಇತ್ತು. ಅವರು ಪದಾತಿ ದಳದವರಲ್ಲ, ಗನ್ನರ್. ತೋಪಿನವರು.

ಈ ಹೆಸರು ನನಗೆ ಸಿಕ್ಕಿದ್ದು ಹಾಸನದಲ್ಲಿ, ನಮ್ಮ ಹಿಂದಿನ ಬೀದಿಯ ಒಬ್ಬ ನಿವೃತ್ತ ಹವಾಲ್ದಾರರಿಂದ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಎಲ್ಲರೂ ಕರೆಯೋ ಹಾಗೆ ಹವಾಲ್ದಾರ್ ಮಾವ ಅಂತಲೇ ಇಟ್ಟುಕೊಳ್ಳೋಣ. ಹೈದರಾಬಾದಿನ ಗೋಲ್ಕೊಂಡದಲ್ಲಿರುವ ಆರ್ಟಿಲರಿ ಸೆಂಟರಿನಲ್ಲಿ ತರಬೇತಿ ಆದವರು. ಎಡಗಿವಿ ಪೂರ್ತಿ ಹೋಗಿದೆ, ಮಾತಾಡಬೇಕಾದರೆ ಬಲಗಡೆಯೇ ಕೂರಬೇಕು. 1999ರಲ್ಲಿ ಅವರ ರೆಜಿಮೆಂಟ್ ಇದ್ದಿದ್ದು ರಾಜಸ್ಥಾನದಲ್ಲಿ, ಕಾರ್ಗಿಲ್ ಕಡೆಗೆ ಹೋಗಲೇ ಇಲ್ಲ. ಅದರ ಬೇಸರ ಇನ್ನೂ ಇದೆ. ಟಿವಿಯಲ್ಲಿ ಜುಲೈ 26ರ ಕಾರ್ಗಿಲ್ ವಿಜಯ ದಿವಸದ ಕಾರ್ಯಕ್ರಮ ಬಂದಾಗಲೆಲ್ಲ ಅವರದು ಒಂದೇ ತಕರಾರು: 'ನೋಡು, ಹತ್ತಿದವರನ್ನ ತೋರಿಸ್ತಾರೆ, ಹತ್ತೋಕೆ ದಾರಿ ಮಾಡಿಕೊಟ್ಟವರನ್ನ ತೋರಿಸಲ್ಲ.'

ಮೊದಮೊದಲು ನನಗೂ ಇದು ಮಾಜಿ ಸೈನಿಕರ ಮಾಮೂಲಿ ಗೊಣಗಾಟ ಅನ್ನಿಸುತ್ತಿತ್ತು. ತೋಪಿನವರು ಅಂದರೆ ಹತ್ತು ಹದಿನೈದು ಕಿಲೋಮೀಟರ್ ಹಿಂದೆ ನಿಂತು ಗುಂಡು ಹಾರಿಸುವವರು, ಅವರಿಗೇನು ಅಂಥ ಅಪಾಯ ಅಂತ ಕೇಳಿಯೂ ಬಿಟ್ಟಿದ್ದೆ. ಆವತ್ತು ಅವರು ಕಾಫಿ ಲೋಟ ಪಕ್ಕಕ್ಕಿಟ್ಟು ಪಾಠ ಶುರು ಮಾಡಿದರು.

ತೋಪು ಇರುವವನಿಗೆ ಗುರಿ ಕಾಣುವುದಿಲ್ಲ. ಇದು ಮೊದಲ ಪಾಠ. ತೋಪು ಕಣಿವೆಯಲ್ಲಿ ಇರುತ್ತದೆ, ಗುರಿ ಬೆಟ್ಟದ ಆಚೆ ಇರುತ್ತದೆ. ಹಾಗಾಗಿ ಯಾರೋ ಒಬ್ಬ ಮುಂದೆ ಹೋಗಿ, ಗುರಿ ಕಾಣುವ ಜಾಗದಲ್ಲಿ ಕೂತು, ರೇಡಿಯೋದಲ್ಲಿ ಹೇಳಬೇಕು: ಎಡಕ್ಕೆ ಇಷ್ಟು, ಮುಂದಕ್ಕೆ ಇಷ್ಟು. ಅವನೇ ಓಪಿ ಆಫೀಸರ್, ಅಬ್ಸರ್ವೇಶನ್ ಪೋಸ್ಟಿನವನು. ದಾಳಿ ಶುರುವಾದರೆ ಅವನು ಒಂದು ಕಡೆ ಕೂರುವುದೂ ಇಲ್ಲ, ಪದಾತಿ ಕಂಪನಿಯ ಕಮಾಂಡರ್ ಹೆಗಲಿಗೆ ಹೆಗಲು ಕೊಟ್ಟು ಮೇಲೆ ಹತ್ತುತ್ತಾನೆ. ಜೊತೆಗೆ ಲೆಕ್ಕ ಮಾಡುವ ಒಬ್ಬ ಟೆಕ್ನಿಕಲ್ ಅಸಿಸ್ಟೆಂಟ್, ರೇಡಿಯೋ ಹೊತ್ತ ಒಬ್ಬ ಆಪರೇಟರ್. ಹವಾಲ್ದಾರ್ ಮಾವ ಆ ಲೆಕ್ಕದವರು. ಇಡೀ ರೆಜಿಮೆಂಟ್ ಅಂದರೆ ಮೂರು ಬ್ಯಾಟರಿ, ಬ್ಯಾಟರಿಗೆ ಆರರಂತೆ ಹದಿನೆಂಟು ತೋಪು, ನೂರಾರು ಜನ. ಅಷ್ಟೂ ಜನರ ಕಣ್ಣು ಮೇಲೆ ಹತ್ತುತ್ತಿರುವ ಆ ಒಬ್ಬ.

ಎರಡನೇ ಪಾಠಕ್ಕೆ ಅವರು ಅಡುಗೆಮನೆಯಿಂದ ಒಂದು ಹಿಡಿ ಕಡಲೆಕಾಯಿ ಬೀಜ ತಂದರು. ಲೋಟ ಗುರಿ. ಒಂದು ಬೀಜ ಲೋಟದ ಆಚೆ ಇಟ್ಟರು, 'ಜಾಸ್ತಿ ಆಯ್ತು, ಡ್ರಾಪ್ 400.' ಇನ್ನೊಂದು ಈಚೆ ಇಟ್ಟರು, 'ಕಡಿಮೆ ಆಯ್ತು, ಆಡ್ 200.' ಹೀಗೆ ಆಚೆ ಒಂದು, ಈಚೆ ಒಂದು, ಅರ್ಧ, ಅದರ ಅರ್ಧ ಮಾಡುತ್ತಾ ಬಂದು ಕೊನೆಗೆ ಮಿಕ್ಕ ಬೀಜವನ್ನೆಲ್ಲ ಲೋಟದ ಮೇಲೆ ಸುರಿದರು. 'ಫೈರ್ ಫಾರ್ ಇಫೆಕ್ಟ್. ಅಷ್ಟೇ ವಿಷಯ.' ಎರಡು ಬೀಜ ಕಾಫಿಗೆ ಬಿತ್ತು.

'ಇದು ಬಯಲಲ್ಲಿ' ಅಂತ ಅವರೇ ಸೇರಿಸಿದರು. ಆಮೇಲೆ ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ಮಡಚಿ ಗುಡಿಸಲಿನ ಚಾವಣಿ ತರಹ ನಿಲ್ಲಿಸಿದರು. ಅದರ ನೆತ್ತಿ ಗುರಿ. ಈಗ ಬೀಜ ಹಾಕಿ ನೋಡು ಅಂದರು. ಒಂದು ಚೂರು ಜಾಸ್ತಿಯಾದರೆ ಬೀಜ ಆಚೆ ಮೈಯಲ್ಲಿ ಜಾರಿ ಕೆಳಗೆ ಹೋಗುತ್ತದೆ, ಹೊಗೆ ಕೂಡ ಕಾಣುವುದಿಲ್ಲ, ಹತ್ತು ಮೀಟರ್ ತಪ್ಪಿತೋ ಐನೂರು ಮೀಟರ್ ತಪ್ಪಿತೋ ಹೇಳೋಕೆ ಆಗುವುದಿಲ್ಲ. ಚೂರು ಕಡಿಮೆಯಾದರೆ ಈಚೆ ಮೈಗೆ ಬೀಳುತ್ತದೆ. ಈಚೆ ಮೈಯಲ್ಲಿ ಯಾರಿದ್ದಾರೆ? ನಮ್ಮವರೇ. ಕತ್ತಲಲ್ಲಿ, ಹಗ್ಗ ಹಿಡಿದು ಹತ್ತುತ್ತಿರುವ ನಮ್ಮ ಹುಡುಗರು. ಅವರ ಜೊತೆ ಆ ಓಪಿ ಆಫೀಸರ್ ಕೂಡ.

ನನಗೆ ಅರ್ಥ ಆಗಿದ್ದು ಅಲ್ಲಿ. ಅವನು ಕರೆಯುವ ಗುಂಡು ಅವನ ತಲೆ ಮೇಲಿಂದಲೇ ಹೋಗಬೇಕು.

ಲೆಕ್ಕದ ವಿಷಯವೂ ಸ್ವಲ್ಪ ಹೇಳಿಬಿಡುತ್ತೇನೆ, ನನಗೆ ಇದು ತುಂಬಾ ಹಿಡಿಸಿತು. ತೋಪಿನವರು ಕೋನ ಅಳೆಯೋದು ಡಿಗ್ರಿಯಲ್ಲಲ್ಲ, ಮಿಲ್ ಅನ್ನೋ ಅಳತೆಯಲ್ಲಿ. ಒಂದು ಮಿಲ್ ಅಂದರೆ ಒಂದು ಕಿಲೋಮೀಟರ್ ದೂರದಲ್ಲಿ ಹತ್ತಿರ ಹತ್ತಿರ ಒಂದು ಮೀಟರ್. ಹಾಗಾದರೆ ಹತ್ತು ಕಿಲೋಮೀಟರ್ ದೂರದ ಗುರಿಗೆ ಒಂದು ಮಿಲ್ ತಪ್ಪಿದರೆ ಹತ್ತು ಮೀಟರ್ ಪಕ್ಕಕ್ಕೆ. ಹತ್ತು ಮಿಲ್ ತಪ್ಪಿದರೆ ನೂರು ಮೀಟರ್, ಅಂದರೆ ನಮ್ಮವರ ಮೇಲೆ ಬೀಳೋಕೂ ಸಾಕು. ಇದರ ಮೇಲೆ ಎತ್ತರದ ತೊಂದರೆ. ದ್ರಾಸ್ ಕಣಿವೆಯೇ ಹತ್ತು ಸಾವಿರ ಅಡಿಗಿಂತ ಮೇಲಿದೆ. ಅಲ್ಲಿ ಗಾಳಿ ತೆಳು, ಗುಂಡನ್ನು ತಡೆಯುವುದು ಕಡಿಮೆ, ಕೆಳಗಿನ ಊರಿನ ಲೆಕ್ಕದ ಪಟ್ಟಿ ಇಟ್ಟುಕೊಂಡು ಹೊಡೆದರೆ ಗುಂಡು ಎಲ್ಲೋ ಆಚೆ ಹೋಗಿ ಬೀಳುತ್ತದೆ. ರಾತ್ರಿ ಚಳಿ ಬಿದ್ದರೆ ಲೆಕ್ಕ ಮತ್ತೆ ಬದಲು. ತೋಪಿನಿಂದ ಹೊರಟ ಮೇಲೆ ಗುಂಡು ಬಂದು ಬೀಳೋಕೆ ಅರ್ಧ ನಿಮಿಷವೋ ಅದಕ್ಕೂ ಜಾಸ್ತಿಯೋ ಬೇಕು. ಕೆಳಗಿನಿಂದ ರೇಡಿಯೋದಲ್ಲಿ 'ಶಾಟ್' ಅಂತಾರೆ, ಮೇಲಿದ್ದವನು ಕಾಯುತ್ತಾನೆ. ಆ ಅರ್ಧ ನಿಮಿಷ ಎಷ್ಟು ಉದ್ದ ಅಂತ ಹವಾಲ್ದಾರ್ ಮಾವ ಬಾಯಲ್ಲಿ ಹೇಳಲಿಲ್ಲ. ಗೋಡೆ ಗಡಿಯಾರ ನೋಡುತ್ತಾ ಸುಮ್ಮನೆ ಕೂತರು. ನಾನೂ ಕೂತೆ. ನಿಜಕ್ಕೂ ಉದ್ದ.

ಇಷ್ಟು ಗೊತ್ತಾದ ಮೇಲೆ ಜೆರ್ರಿ ಪ್ರೇಮ್‌ರಾಜ್ ಅವರ ಕಥೆ ಬೇರೆ ರೀತಿ ಕೇಳಿಸುತ್ತದೆ. ಅವರು ನೇರವಾಗಿ ಆಫೀಸರ್ ಆದವರಲ್ಲ. ಮೊದಲು ವಾಯುಪಡೆಯಲ್ಲಿ ಏರ್‌ಮನ್. ಕೆಲವು ವರ್ಷ ಅಲ್ಲಿ ದುಡಿದು, ಪರೀಕ್ಷೆ ಕಟ್ಟಿ, ಸೇನೆಯ ಆಫೀಸರ್ ಆಗಿ 1997ರಲ್ಲಿ 158 ಮೀಡಿಯಂ ರೆಜಿಮೆಂಟಿಗೆ ಬಂದರು. ಆ ರೆಜಿಮೆಂಟಿನ ಹೆಸರಿನ ಜೊತೆ ಸೆಲ್ಫ್ ಪ್ರೊಪೆಲ್ಡ್ ಅಂತ ಇದೆ. ಅಂದರೆ ತೋಪನ್ನು ಲಾರಿ ಎಳೆದುಕೊಂಡು ಹೋಗುವುದಲ್ಲ, ತೋಪೇ ಚೈನ್ ಗಾಡಿಯ ಮೇಲೆ ಕೂತು ಓಡುವುದು. ಬಯಲಿನ ಯುದ್ಧಕ್ಕೆ, ಟ್ಯಾಂಕುಗಳ ಹಿಂದೆ ಓಡೋಕೆ ಮಾಡಿದ ವ್ಯವಸ್ಥೆ. ಅಂಥ ರೆಜಿಮೆಂಟಿನ ಹುಡುಗ ಹದಿನಾರು ಸಾವಿರ ಅಡಿ ಎತ್ತರದ ಕಲ್ಲಿನ ಮೇಲೆ ರೇಡಿಯೋ ಹಿಡಿದು ನಿಂತ. 1999ರ ಏಪ್ರಿಲ್‌ನಲ್ಲಿ ಮದುವೆಯಾಗಿತ್ತು. ಮೇ ತಿಂಗಳಲ್ಲಿ ಕಾರ್ಗಿಲ್ ಸುದ್ದಿ ಬಂತು. ರಜೆ ಅರ್ಧಕ್ಕೇ ನಿಂತಿತು.

ಪಾಯಿಂಟ್ 4875 ಅಂದರೆ ಏನು ಅಂತ ತುಂಬಾ ದಿನ ನನಗೆ ಗೊತ್ತಿರಲಿಲ್ಲ. ನಕ್ಷೆಯಲ್ಲಿ ಹೆಸರಿಲ್ಲದ ಶಿಖರಕ್ಕೆ ಅದರ ಎತ್ತರವೇ ಹೆಸರು, ಮೀಟರಿನಲ್ಲಿ. ಅಡಿಯಲ್ಲಿ ಹೇಳಿದರೆ ಹತ್ತಿರ ಹತ್ತಿರ ಹದಿನಾರು ಸಾವಿರ. ಮುಷ್ಕೋ ಕಣಿವೆಯ ಆ ಸಾಲಿನಲ್ಲಿ ಕೂತವನಿಗೆ ದ್ರಾಸ್‌ನಿಂದ ಮಾತಾಯನ್ ಕಡೆಗಿನ ಹೆದ್ದಾರಿ ಉದ್ದಕ್ಕೂ ಕಾಣುತ್ತಿತ್ತು. ಲೇಹ್‌ಗೆ ಸಾಮಾನು ಹೋಗಬೇಕಾದ ರಸ್ತೆ ಅದು. ತಮಾಷೆ ನೋಡಿ, ಅಲ್ಲಿ ಕೂತ ಪಾಕಿಸ್ತಾನಿಗಳು ಮಾಡುತ್ತಿದ್ದಿದ್ದೂ ಇದೇ ಕೆಲಸ. ರಸ್ತೆ ಮೇಲೆ ಏನು ಓಡಾಡುತ್ತಿದೆ ನೋಡೋದು, ತಮ್ಮ ತೋಪಿಗೆ ರೇಡಿಯೋದಲ್ಲಿ ಹೇಳೋದು. ಅವರ ಓಪಿಯನ್ನು ಕೀಳೋಕೆ ನಮ್ಮ ಓಪಿ ಮೇಲೆ ಹತ್ತಬೇಕಾಯಿತು.

ಜುಲೈ 4ರಿಂದ ಆ ಸಾಲಿಗೆ ದಾಳಿ ಶುರುವಾಯಿತು. ಒಂದೇ ಶಿಖರ ಅಲ್ಲ ಅದು, ಕೋಡುಗಳ ಗುಂಪು, ಒಂದೊಂದನ್ನೂ ಬೇರೆ ಬೇರೆ ಪಡೆ ಹಿಡಿಯಬೇಕು. 13 ಜಮ್ಮು ಕಾಶ್ಮೀರ ರೈಫಲ್ಸ್ ಅನ್ನುವ ಪದಾತಿ ಬಟಾಲಿಯನ್ ಮುಖ್ಯ ಶಿಖರದ ಕಡೆ ಹೋಯಿತು. ರೈಫಲ್‌ಮನ್ ಸಂಜಯ್ ಕುಮಾರ್, ಕ್ಯಾಪ್ಟನ್ ಬಾತ್ರಾ ಇಬ್ಬರಿಗೂ ಪರಮವೀರ ಚಕ್ರ ಬಂದಿದ್ದು ಅಲ್ಲಿಯ ಹೋರಾಟಕ್ಕೆ. 17 ಜಾಟ್‌ನವರು ಪಿಂಪಲ್ ಅನ್ನುವ ಕೋಡುಗಳ ಕಡೆಗೆ, ಕ್ಯಾಪ್ಟನ್ ಅನುಜ್ ನಯ್ಯರ್ ಸತ್ತಿದ್ದು ಅಲ್ಲೇ, ಅವರಿಗೆ ಮಹಾವೀರ ಚಕ್ರ. 2 ನಾಗಾ ಬಟಾಲಿಯನ್‌ಗೆ ಸಿಕ್ಕಿದ್ದು ಟ್ವಿನ್ ಬಂಪ್ಸ್, ಅಕ್ಕಪಕ್ಕ ಇರುವ ಜೋಡಿ ದಿಬ್ಬ.

ಜುಲೈ 6ರ ರಾತ್ರಿ ಟ್ವಿನ್ ಬಂಪ್ಸ್ ಮೇಲೆ ಹೋದ ದಾಳಿಯಲ್ಲಿ ಓಪಿ ಆಫೀಸರ್ ಆಗಿದ್ದವರು ಜೆರ್ರಿ. ತೋಪಿನ ಬೆಂಕಿ ನಡೆಸುತ್ತಿದ್ದಾಗಲೇ ಶತ್ರುವಿನ ಗುಂಡು ತಗುಲಿತು. ನಿಲ್ಲಿಸಲಿಲ್ಲ. ಗುರಿ ಹೇಳುತ್ತಲೇ ಇದ್ದರು, ಮೇಲಿದ್ದ ಬಂಕರುಗಳ ಮೇಲೆ ಗುಂಡು ಬೀಳುತ್ತಲೇ ಇತ್ತು. ಮತ್ತೆ ಗುಂಡೇಟು ಬಿತ್ತು. ಈ ಸಲ ಉಳಿಯಲಿಲ್ಲ. ಮರಣೋತ್ತರ ವೀರ ಚಕ್ರ.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. ಏಟು ತಿಂದ ಮೇಲೂ ಹೋರಾಡಿದರು ಅಂತ ನಾವು ಎಷ್ಟೋ ಸಲ ಓದಿರುತ್ತೇವೆ, ಓದಿ ಓದಿ ಆ ಮಾತಿಗೆ ಅರ್ಥವೇ ಇಲ್ಲದಂತಾಗಿದೆ. ಆದರೆ ಇಲ್ಲಿ ಹೋರಾಟ ಅಂದರೆ ಲೆಕ್ಕ. ಕೋಪದಲ್ಲಿ ಓಡಿಹೋಗಿ ಬಂಕರಿಗೆ ಗ್ರೆನೇಡ್ ಎಸೆಯೋದಲ್ಲ. ಮೈಯಿಂದ ರಕ್ತ ಹೋಗುತ್ತಿರುವಾಗ ಅಂಕಿ ತಪ್ಪದೆ ಹೇಳೋದು. ಆಡ್ ಅನ್ನಬೇಕಾದ ಕಡೆ ಡ್ರಾಪ್ ಅಂದರೆ ಪಕ್ಕದಲ್ಲಿ ಮಲಗಿರುವ ನಾಗಾ ಹುಡುಗನ ಮೇಲೆಯೇ ಗುಂಡು. ನನಗೆ ಸಣ್ಣ ಜ್ವರ ಬಂದರೆ ಓಟಿಪಿ ಎರಡು ಸಲ ತಪ್ಪು ಒತ್ತುತ್ತೇನೆ.

ಹವಾಲ್ದಾರ್ ಮಾವನ ತಕರಾರು ಯಾಕೆ ಸರಿ ಅನ್ನೋದೂ ಇಲ್ಲೇ ಇದೆ. ಓಪಿ ಆಫೀಸರ್ ಸಾಯೋದು ಬೇರೆಯವರ ದಾಳಿಯಲ್ಲಿ. ಶಿಖರ ಗೆದ್ದವರು ಯಾರು ಅಂತ ಕೇಳಿದರೆ ಪದಾತಿ ಬಟಾಲಿಯನ್ ಹೆಸರು ಬರುತ್ತದೆ, ಬರಲೇಬೇಕು, ಗೆದ್ದವರು ಅವರೇ. ಇವನ ರೆಜಿಮೆಂಟ್ ಎಲ್ಲೋ ಕೆಳಗೆ ಕಣಿವೆಯಲ್ಲಿ ಬೆವರು ಸುರಿಸುತ್ತಾ ಭಾರದ ಗುಂಡುಗಳನ್ನು ಎತ್ತಿ ಎತ್ತಿ ಕೊಡುತ್ತಿರುತ್ತದೆ, ಅವರಿಗೆ ಶಿಖರ ಕಂಡೇ ಇರುವುದಿಲ್ಲ. ರೇಡಿಯೋದಲ್ಲಿ ಒಂದು ದನಿ ಬರುತ್ತಿತ್ತು, ನಿಂತುಹೋಯಿತು, ಇನ್ನೊಂದು ದನಿ ಬಂತು. ಅವರ ಪಾಲಿಗೆ ಅಷ್ಟೇ. ಹಾಗಾಗಿ ಇವನು ಆ ಕಥೆಯಲ್ಲೂ ಅರ್ಧ, ಈ ಕಥೆಯಲ್ಲೂ ಅರ್ಧ. ಪಾಯಿಂಟ್ 4875ಕ್ಕೆ ಈಗ ಬಾತ್ರಾ ಟಾಪ್ ಅಂತ ಹೆಸರು. ಪಕ್ಕದ ದಿಬ್ಬಗಳನ್ನು ಕೇಳುವವರು ಕಡಿಮೆ.

ಒಟ್ಟು ಲೆಕ್ಕ ಹೇಳಬೇಕೆಂದರೆ ಅದೂ ಸಣ್ಣದಲ್ಲ. ಕಾರ್ಗಿಲ್‌ನಲ್ಲಿ ನಮ್ಮ ತೋಪಿನವರು ಹಾರಿಸಿದ್ದು ಸುಮಾರು 2.5 ಲಕ್ಷ ಗುಂಡು, ಮಾರ್ಟರ್ ಬಾಂಬು, ರಾಕೆಟ್ಟು. ಸುಮಾರು 300 ತೋಪು, ಮಾರ್ಟರ್, ರಾಕೆಟ್ ಲಾಂಚರುಗಳಿಂದ ದಿನಕ್ಕೆ 5,000ದಂತೆ. ಟೈಗರ್ ಹಿಲ್ ಹಿಡಿದ ದಿನ ಒಂದರಲ್ಲೇ 9,000. ಬೋಫೋರ್ಸ್ ಅಂದರೆ ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಹಗರಣದ ಹೆಸರು, ಲಂಚದ ಹೆಸರು. ಆ ವರ್ಷ ಅದೇ ತೋಪು ಹೀರೋ ಆಯಿತು. ಅಪ್ಪ ಪೇಪರ್ ಓದುತ್ತಾ ನಕ್ಕಿದ್ದು ನೆನಪಿದೆ. 

ಕನ್ನಡದವರ ಸಂಬಂಧ ಇಲ್ಲಿ ಇಲ್ಲ ಅಂತಲ್ಲ. ಸ್ಮಾರಕದ ತಲೆ ಮೇಲಿರುವ ಆ ತೊಲೊಲಿಂಗನ್ನು ಜೂನ್ 13ರಂದು ಹಿಡಿದ 2 ರಾಜಪುತಾನಾ ರೈಫಲ್ಸ್‌ನ ಕಮಾಂಡರ್ ಆಗಿದ್ದವರು ದಾವಣಗೆರೆ ಜಿಲ್ಲೆಯ ಕರ್ನಲ್ ಎಂ.ಬಿ. ರವೀಂದ್ರನಾಥ್, ವೀರ ಚಕ್ರ ಪಡೆದವರು. 2018ರಲ್ಲಿ ತೀರಿಕೊಂಡರು. ಆ ದಾಳಿಗೂ ಮೊದಲು ಬೆಟ್ಟದ ಮೇಲೆ ತೋಪಿನ ಮಳೆಯೇ ಸುರಿದಿತ್ತು. ಇನ್ನೊಂದು, ಆಗ ಶತ್ರುವಿನ ತೋಪು ಎಲ್ಲಿದೆ ಅಂತ ಹಾರಿ ಬರುವ ಗುಂಡನ್ನೇ ನೋಡಿ ಕಂಡುಹಿಡಿಯುವ ಸರಿಯಾದ ರೇಡಾರ್ ನಮ್ಮವರ ಹತ್ತಿರ ಇರಲಿಲ್ಲ. ಅದರಿಂದ ತುಂಬಾ ಜನ ಸತ್ತರು. ಆಮೇಲೆ ಆ ಕೆಲಸಕ್ಕೆ ಬಂದ ಸ್ವಾತಿ ರೇಡಾರ್ ತಯಾರಾಗಿದ್ದು ಬೆಂಗಳೂರಿನಲ್ಲಿ. ಡಿಆರ್‌ಡಿಓದ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಅದನ್ನು ರೂಪಿಸಿತು, ಬಿಇಎಲ್ ಕಟ್ಟಿತು. ಸಿ.ವಿ. ರಾಮನ್ ನಗರದ ಟ್ರಾಫಿಕ್ಕಿನಲ್ಲಿ ಎಲ್‌ಆರ್‌ಡಿಇ ಗೇಟಿನ ಮುಂದೆ ನಾನು ಎಷ್ಟು ಸಲ ಹಾರ್ನ್ ಹೊಡೆದಿದ್ದೇನೋ.

2022ರ ಜುಲೈನಲ್ಲಿ ದ್ರಾಸ್‌ನ ಪಾಯಿಂಟ್ 5140ಕ್ಕೆ ಗನ್ ಹಿಲ್ ಅಂತ ಹೆಸರಿಟ್ಟರು, ತೋಪಿನವರ ನೆನಪಿಗೆ. ಹವಾಲ್ದಾರ್ ಮಾವ ಆವತ್ತು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ದರು. 23 ವರ್ಷ ಆಯ್ತಲ್ಲ ಮಾವ ಅಂದರೆ, ನಮ್ಮ ಗುಂಡು ಸ್ವಲ್ಪ ಲೇಟಾಗೇ ಬೀಳೋದು ಅಂದರು. ತೋಪಿನ ರೆಜಿಮೆಂಟುಗಳಿಗೆ ಬೇರೆಯವರ ಹಾಗೆ ಧ್ವಜ ಇಲ್ಲ, ತೋಪೇ ಧ್ವಜ, ಅದಕ್ಕೇ ಸೆಲ್ಯೂಟ್ ಅನ್ನೋದನ್ನೂ ಆವತ್ತೇ ಹೇಳಿದ್ದು. ಅವರ ಘೋಷವಾಕ್ಯ 'ಸರ್ವತ್ರ ಇಜ್ಜತ್ ಓ ಇಕ್ಬಾಲ್', ಎಲ್ಲೆಲ್ಲೂ ಗೌರವ, ಎಲ್ಲೆಲ್ಲೂ ಕೀರ್ತಿ. ಅರ್ಧ ಸಂಸ್ಕೃತ, ಅರ್ಧ ಉರ್ದು. ನನಗೆ ಆ ಬೆರಕೆ ಇಷ್ಟ.

ದ್ರಾಸ್‌ನಲ್ಲಿ ಗೋಡೆ ಮುಂದೆ ನಿಂತು ಹೆಸರು ಹುಡುಕುತ್ತಿದ್ದಾಗ ನಮ್ಮ ಗಾಡಿಯವನು ಹಾರ್ನ್ ಹೊಡೆಯಲು ಶುರು ಮಾಡಿದ್ದ. ಗಾಳಿ ಜೋರಿತ್ತು, ಕಣ್ಣಲ್ಲಿ ನೀರು, ಅಕ್ಷರ ಸಣ್ಣ, ಹೆಸರುಗಳು ನೂರಾರು. ಸಿಕ್ಕಿತು. ಬೆರಳಿಟ್ಟು ನೋಡಿದೆ, ಲೋಹ ಆಗಸ್ಟಿನಲ್ಲೂ ತಣ್ಣಗಿತ್ತು. ಫೋಟೋ ತೆಗೆದುಕೊಂಡೆ, ನನ್ನ ಹೆಬ್ಬೆರಳಿನ ನೆರಳು ಬಿದ್ದು ಅರ್ಧ ಕಪ್ಪಾಯಿತು. ಇನ್ನೊಂದು ತೆಗೆಯೋಕೆ ಹೊತ್ತಿರಲಿಲ್ಲ.

ಊರಿಗೆ ಬಂದು ಅದೇ ಫೋಟೋ ಹವಾಲ್ದಾರ್ ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿ, ಚಿಕ್ಕದು ಮಾಡಿ, ತುಂಬಾ ಹೊತ್ತು ನೋಡಿದರು. ಆಮೇಲೆ ಈ ಬರಹದ ಮೊದಲ ಕರಡನ್ನೂ ಓದಿ ಹೇಳು ಅಂದರು. ಬಲಗಡೆ ಕೂತು ಜೋರಾಗಿ ಓದಿದೆ. 'ಕ್ಯಾಪ್ಟನ್ ಜೆರ್ರಿ ಪ್ರೇಮ್‌ರಾಜ್, 2 ನಾಗಾ ಜೊತೆ' ಅಂತ ಬರುವ ಸಾಲಿಗೆ ಕೈ ಎತ್ತಿ ತಡೆದರು.

'ರೆಜಿಮೆಂಟ್ ಎಲ್ಲಿ?'

ಮುಂದೆ ಬರುತ್ತೆ ಮಾವ, ಕೆಳಗಿನ ಪ್ಯಾರಾದಲ್ಲಿ ಇದೆ ಅಂದೆ.

'ಕೆಳಗೆ ಬೇಡ. ಮೊದಲು 158 ಮೀಡಿಯಂ ಅಂತ ಹಾಕು, ಆಮೇಲೆ ನಾಗಾ.'

ಮೊಬೈಲ್ ತೆಗೆದು ಅವರ ಎದುರಿಗೇ ತಿದ್ದಿದೆ. ಸೇವ್ ಆಯ್ತಾ ಅಂತ ಎರಡು ಸಲ ಕೇಳಿದರು.